ಕಾರಿನ ಮ್ಯಾಪ್, ಫೋನಿನ ಮ್ಯಾಪ್: ಯಾವುದನ್ನು ಯಾವಾಗ ನಂಬುವುದು

ಮಂಡ್ಯ ಬೈಪಾಸ್ ಮೇಲೆ ಗಾಡಿ 90ರಲ್ಲಿ ಹೋಗುತ್ತಿದೆ. ಕಾರಿನ ಪರದೆಯಲ್ಲಿ ಮಾತ್ರ ನಾವು ಗದ್ದೆ ಬಯಲಿನ ನಡುವೆ ಇದ್ದೇವೆ. ಸುತ್ತ ಒಂದು ಗೆರೆ ರಸ್ತೆ ಇಲ್ಲ, ಬರೀ ಹಸಿರು. ಒಳಗಿನ ಹೆಣ್ಣು ದನಿ ನಿಮಿಷಕ್ಕೊಂದು ಸಲ ಇಂಗ್ಲಿಷಿನಲ್ಲಿ ಯೂ ಟರ್ನ್ ಮಾಡಿ, ಯೂ ಟರ್ನ್ ಮಾಡಿ ಅನ್ನುತ್ತಿದೆ. ಹಿಂದೆ ಕೂತಿದ್ದ ಅಮ್ಮ ಸುಮಾರು ಹೊತ್ತು ತಡೆದುಕೊಂಡು ಕೊನೆಗೆ "ಅಲ್ಲ ಕಣೋ, ಪಾಪ ಆ ಹುಡುಗಿ ಅಷ್ಟು ಬಡ್ಕೋತಾ ಇದ್ದಾಳೆ, ಒಂದ್ಸಲ ತಿರುಗಿಸಬಾರದಾ?" ಅಂದರು.

ತಪ್ಪು ಆ ಹುಡುಗಿಯದಲ್ಲ, ನನ್ನದು. ಗಾಡಿ ತಗೊಂಡಿದ್ದು 2021ರಲ್ಲಿ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಆಗಿದ್ದು 2023ರ ಮಾರ್ಚಿನಲ್ಲಿ, ಅದೂ ಮಂಡ್ಯದಲ್ಲೇ. ಅಷ್ಟು ದಿನದಲ್ಲಿ ನಾನು ಒಂದೇ ಒಂದು ಸಲವೂ ಕಾರಿನ ಮ್ಯಾಪ್ ಅಪ್‌ಡೇಟ್ ಮಾಡಿರಲಿಲ್ಲ. ಅವಳ ಲೆಕ್ಕದಲ್ಲಿ ಮಂಡ್ಯ ದಾಟಬೇಕಾದರೆ ಊರೊಳಗಿನ ಹಳೇ ರಸ್ತೆಯೊಂದೇ ದಾರಿ. ಹಾಗಾಗಿ ಅವಳು ಕರೆದದ್ದೂ ಸರಿಯೇ.

ಆವತ್ತಿನಿಂದ ಫೋನೇ ಗತಿ ಅಂದುಕೊಂಡೆ. ಆಮೇಲೆ ಫೋನೂ ಒಂದು ಸಲ ನಾಲೆ ಏರಿ ಹತ್ತಿಸಿತು, ಆ ಕಥೆ ಮುಂದೆ ಬರುತ್ತದೆ. ಈಗ ಎರಡನ್ನೂ ಇಟ್ಟುಕೊಂಡು, ಯಾವುದಕ್ಕೆ ಯಾವ ಕೆಲಸ ಅಂತ ಹಂಚಿಕೊಟ್ಟಿದ್ದೇನೆ. ಮೈಸೂರು, ಮಂಡ್ಯ ಕಡೆ ಓಡಾಡುವವರಿಗೆ ಆ ಹಂಚಿಕೆ ಹೇಗೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲು ನಿಮ್ಮ ಗಾಡಿಯಲ್ಲಿ ಏನಿದೆ ನೋಡಿ

ದೊಡ್ಡ ಪರದೆ ಇದೆ ಅಂದ ಮಾತ್ರಕ್ಕೆ ಗಾಡಿಯಲ್ಲಿ ನ್ಯಾವಿಗೇಶನ್ ಇದೆ ಅಂತಲ್ಲ. ಶೋರೂಮಿನಲ್ಲಿ ಎಲ್ಲವನ್ನೂ 'ನ್ಯಾವಿಗೇಶನ್ ಇದೆ ಸರ್' ಅಂತಲೇ ಹೇಳಿಬಿಡುತ್ತಾರೆ. ಒಂದು ಜಾತಿಯ ಗಾಡಿಗೆ ಸ್ವಂತ ಜಿಪಿಎಸ್ ಇರುತ್ತದೆ, ಮ್ಯಾಪ್ ಕೂಡ ಅದರ ಹೊಟ್ಟೆಯಲ್ಲೇ ಇರುತ್ತದೆ. ಇನ್ನೊಂದು ಜಾತಿಯಲ್ಲಿ ಇರುವುದು ಬರೀ ಕನ್ನಡಿ. ಆಂಡ್ರಾಯ್ಡ್ ಆಟೋ ಅಥವಾ ಆ್ಯಪಲ್ ಕಾರ್‌ಪ್ಲೇ ಮೂಲಕ ಫೋನಿನ ಮ್ಯಾಪನ್ನೇ ದೊಡ್ಡದಾಗಿ ತೋರಿಸುತ್ತದೆ, ಫೋನ್ ತೆಗೆದರೆ ಪರದೆ ಖಾಲಿ. ಮೂರನೆಯದು ಗಾಡಿಯೊಳಗೇ ಸಿಮ್ ಇರುವ ಹೊಸ ಕಾರುಗಳು. ಇವು ಟ್ರಾಫಿಕ್ಕನ್ನೂ ತಾವೇ ತರಿಸಿಕೊಳ್ಳುತ್ತವೆ, ಚಂದಾ ಮುಗಿಯುವವರೆಗೆ.

ಕಂಡುಹಿಡಿಯುವುದು ಸುಲಭ. ಫೋನನ್ನು ಮನೆಯೊಳಗೆ ಬಿಟ್ಟು ಬಂದು ಗಾಡಿ ಸ್ಟಾರ್ಟ್ ಮಾಡಿ. ಪರದೆಯಲ್ಲಿ ಮ್ಯಾಪ್ ತೆರೆದು ನಿಮ್ಮ ಬೀದಿ ಕಂಡರೆ ನಿಮಗೆ ನಿಜವಾದ ಇನ್‌ಬಿಲ್ಟ್ ನ್ಯಾವಿಗೇಶನ್ ಇದೆ. 'ಫೋನ್ ಜೋಡಿಸಿ' ಅಂದರೆ ಇಲ್ಲ, ಅಷ್ಟೇ. ಇಲ್ಲದವರು ಬೇಜಾರು ಮಾಡಿಕೊಳ್ಳಬೇಕಿಲ್ಲ, ನಿಮಗೆ ಅರ್ಧ ಕೆಲಸ ಕಡಿಮೆ.

ಇರುವವರು ಮಾಡಬೇಕಾದ ಮೊದಲ ಕೆಲಸ ಮ್ಯಾಪ್ ಎಷ್ಟು ಹಳೇದು ಅಂತ ನೋಡುವುದು. ಸೆಟ್ಟಿಂಗ್ಸ್ ಒಳಗೆ ಸಿಸ್ಟಂ ಮಾಹಿತಿ ಅಂತ ಇರುತ್ತದೆ, ಅಲ್ಲಿ ಮ್ಯಾಪ್ ವರ್ಷನ್ ಮುಂದೆ ಸಾಮಾನ್ಯವಾಗಿ ವರ್ಷ ಕಾಣುತ್ತದೆ. ವರ್ಷ ಕಾಣದಿದ್ದರೆ ಇನ್ನೊಂದು ಉಪಾಯ: ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರಿನ ಮೇಲೆ ಬೆರಳಿಟ್ಟು ದೊಡ್ಡದು ಮಾಡಿ. ಊರಿನ ಪಕ್ಕದಲ್ಲಿ ಬೈಪಾಸ್ ಗೆರೆ ಇದೆಯಾ? ಇಲ್ಲದಿದ್ದರೆ ನನ್ನ ಹಾಗೆ ಗದ್ದೆಯಲ್ಲಿ ಓಡಾಡಬೇಕಾಗುತ್ತದೆ.

ಅಪ್‌ಡೇಟ್ ಮಾಡುವ ದಾರಿ ಗಾಡಿಗೊಂದು ಥರ. ಕೆಲವು ವೈಫೈ ಸಿಕ್ಕರೆ ತಾವೇ ಇಳಿಸಿಕೊಳ್ಳುತ್ತವೆ. ಕೆಲವಕ್ಕೆ ಕಂಪನಿಯ ವೆಬ್‌ಸೈಟಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಚುಚ್ಚಬೇಕು, ಆಗ ಇಂಜಿನ್ ಆನ್ ಇರಬೇಕು, ಮಧ್ಯೆ ಆಫ್ ಮಾಡಬಾರದು. ನನ್ನದಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಿಂತಲ್ಲೇ ಪೆಟ್ರೋಲ್ ಸುಡುವ ಬದಲು ಪೆನ್‌ಡ್ರೈವ್ ಹಾಕಿಕೊಂಡು ಕೆಆರ್‌ಎಸ್ ಕಡೆ ಒಂದು ಸುತ್ತು ಹೋಗಿಬಂದೆ. ಮೊದಲ ಕೆಲವು ವರ್ಷ ಅಪ್‌ಡೇಟ್ ಪುಕ್ಕಟೆ, ಆಮೇಲೆ ದುಡ್ಡು ಅನ್ನುವ ಕಂಪನಿಗಳೂ ಇವೆ. ಸರ್ವಿಸ್‌ಗೆ ಬಿಟ್ಟಾಗ 'ಮ್ಯಾಪ್ ಅಪ್‌ಡೇಟ್ ಮಾಡಿ' ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ. ನನಗೆ ಎರಡು ಸಲ 'ಆಗಿದೆ ಸರ್' ಅಂದು ಹಾಗೇ ವಾಪಸ್ ಕೊಟ್ಟಿದ್ದರು.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಒಳ್ಳೇದು

ಜಿಪಿಎಸ್‌ಗೂ ಇಂಟರ್ನೆಟ್‌ಗೂ ಗಂಟು ಹಾಕುವವರು ಜಾಸ್ತಿ. ನಾವು ಎಲ್ಲಿದ್ದೇವೆ ಅಂತ ಕಂಡುಹಿಡಿಯುವುದಕ್ಕೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿರುವ ಉಪಗ್ರಹಗಳಲ್ಲಿ ಕಡಿಮೆಯೆಂದರೆ 4 ಕಣ್ಣಿಗೆ ಬಿದ್ದರೆ ಸಾಕು, ಅವುಗಳ ಸಿಗ್ನಲ್ ಬಂದು ತಲುಪುವ ಸಮಯದ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತದೆ. ಇಂಟರ್ನೆಟ್ ಬೇಕಾಗುವುದು ಮ್ಯಾಪ್ ಚಿತ್ರ ತರಿಸುವುದಕ್ಕೆ, ಹೆಸರು ಹುಡುಕುವುದಕ್ಕೆ, ಟ್ರಾಫಿಕ್ ತಿಳಿಯುವುದಕ್ಕೆ. ಅದಕ್ಕೇ ಸಿಗ್ನಲ್ ಹೋದಾಗ ಫೋನಿನಲ್ಲಿ ನೀಲಿ ಚುಕ್ಕೆ ಓಡುತ್ತಲೇ ಇರುತ್ತದೆ, ಸುತ್ತ ಮಾತ್ರ ಬಿಳಿ ಹಾಳೆ. ಕಾರಿನ ಮ್ಯಾಪಿಗೆ ಆ ತೊಂದರೆ ಇಲ್ಲ, ಹಾಳೆ ಅದರ ಹತ್ತಿರವೇ ಇದೆ.

ಕಾರಿಗೆ ಇನ್ನೊಂದು ಬಲವಿದೆ. ಚಕ್ರ ಎಷ್ಟು ಸುತ್ತಿತು, ಗಾಡಿ ಯಾವ ಕಡೆ ತಿರುಗಿತು ಅನ್ನುವ ಲೆಕ್ಕ ಅದಕ್ಕೆ ಸಿಗುತ್ತಿರುತ್ತದೆ. ಉಪಗ್ರಹ ಕಾಣದ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಅಂಡರ್‌ಪಾಸಿನಲ್ಲಿ ಆ ಲೆಕ್ಕದ ಮೇಲೇ ಸ್ವಲ್ಪ ದೂರ ಸರಿಯಾಗಿ ನಡೆಸುತ್ತದೆ. ಮಾಲ್‌ನ ಕೆಳಗಿನ ಪಾರ್ಕಿಂಗಿನಿಂದ ಮೇಲೆ ಬಂದ ತಕ್ಷಣ ನೋಡಿ: ಕಾರಿನ ಬಾಣ ಸರಿಯಾದ ದಿಕ್ಕಿಗೆ ಇರುತ್ತದೆ, ಫೋನಿನದು ತಲೆ ತಿರುಗಿದವರ ಹಾಗೆ ಸುತ್ತುತ್ತಿರುತ್ತದೆ. ನಿಂತಲ್ಲೇ ಇರುವ ಫೋನಿಗೆ ತಾನು ಯಾವ ಕಡೆ ಮುಖ ಮಾಡಿದ್ದೇನೆ ಅನ್ನೋದು ಸರಿಯಾಗಿ ಗೊತ್ತಿರುವುದಿಲ್ಲ. ಅದರಲ್ಲಿರುವ ದಿಕ್ಸೂಚಿ ಕಾರಿನ ಕಬ್ಬಿಣದ ಮಧ್ಯೆ ಸುಲಭವಾಗಿ ದಾರಿ ತಪ್ಪುತ್ತದೆ. ಹೊರಡುವಾಗ 'ವಾಯವ್ಯಕ್ಕೆ ಸಾಗಿ' ಅಂತ ಅದು ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಇಪ್ಪತ್ತು ಮೀಟರ್ ಮುಂದೆ ಹೋಗಿ, ತಾನೇ ಸರಿಯಾಗುತ್ತದೆ.

ಫೋನಿನ ಬಲ ಬೇರೆ. ರಸ್ತೆ ಮೇಲೆ ಕಾಣುವ ಕೆಂಪು, ಕಿತ್ತಳೆ, ಹಸಿರು ಬಣ್ಣ ಬರುವುದು ಹೆಚ್ಚಾಗಿ ಅದೇ ರಸ್ತೆಯಲ್ಲಿ ಓಡಾಡುತ್ತಿರುವ ನಮ್ಮಂಥವರ ಫೋನುಗಳಿಂದ. 2020ರಲ್ಲಿ ಬರ್ಲಿನ್‌ನಲ್ಲಿ ಒಬ್ಬ ಕಲಾವಿದ 99 ಫೋನುಗಳನ್ನು ಒಂದು ಕೈಗಾಡಿಗೆ ತುಂಬಿಕೊಂಡು ಖಾಲಿ ಬೀದಿಯಲ್ಲಿ ಎಳೆದುಕೊಂಡು ಹೋದ, ಮ್ಯಾಪ್‌ನಲ್ಲಿ ಆ ಬೀದಿ ಕೆಂಪಾಯಿತು. ಜಾಸ್ತಿ ಫೋನ್ ಇರುವಲ್ಲಿ ಮಾತ್ರ ಬಣ್ಣವನ್ನು ನಂಬಬಹುದು ಅನ್ನೋದು ಇದರಿಂದ ಗೊತ್ತಾಗುತ್ತದೆ ಅಲ್ವಾ. ಸಯ್ಯಾಜಿರಾವ್ ರಸ್ತೆಗೆ, ಹೆದ್ದಾರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆ.ಆರ್. ಪೇಟೆ ಒಳಗಿನ ಹಳ್ಳಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರಾಕ್ಟರ್ ಹಿಂದೆ ನೀವೊಬ್ಬರೇ ಸಿಕ್ಕಿಕೊಂಡಿದ್ದರೆ ಯಾವ ಬಣ್ಣವೂ ಬರುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ ಜಿಲ್ಲೆಯ ಒಳರಸ್ತೆಗೆ ಮ್ಯಾಪ್ ಹೇಳಿದ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಳ್ಳುವುದು ನನ್ನ ರೂಢಿ.

ಮನೆಯಲ್ಲಿ ಕೂತು ಮಾಡುವ ಕೆಲಸ

ಇದು ಹತ್ತು ನಿಮಿಷದ್ದು, ಒಂದು ಸಲ ಮಾಡಿಟ್ಟರೆ ಬಹಳ ದಿನ ಬರುತ್ತದೆ.

ಗೂಗಲ್ ಮ್ಯಾಪ್ಸ್ ಇಟ್ಟುಕೊಂಡಿರುವವರು ಮೇಲೆ ಬಲಗಡೆ ಇರುವ ನಿಮ್ಮ ಫೋಟೋ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ. ಒಂದು ಚೌಕ ಬರುತ್ತದೆ. ಮೈಸೂರನ್ನು ನಡುವೆ ಇಟ್ಟುಕೊಂಡು ಮೇಲೆ ನಾಗಮಂಗಲ, ಕೆಳಗೆ ಗುಂಡ್ಲುಪೇಟೆ, ಎಡಕ್ಕೆ ಹುಣಸೂರು, ಬಲಕ್ಕೆ ಮಳವಳ್ಳಿ ಒಳಗೆ ಬರುವ ಹಾಗೆ ಚೌಕ ಎಳೆದು ವೈಫೈನಲ್ಲಿ ಡೌನ್‌ಲೋಡ್ ಮಾಡಿ. ಸಿಗ್ನಲ್ ಇಲ್ಲದಾಗ ಇದರಿಂದಲೇ ದಾರಿ ತೋರಿಸುತ್ತದೆ. ಟ್ರಾಫಿಕ್ ಮಾತ್ರ ಬರುವುದಿಲ್ಲ. ಹಳೇದಾದರೆ ಕೆಲಸ ಮಾಡುವುದಿಲ್ಲ, ಹಾಗಾಗಿ ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಆನ್ ಮಾಡಿಡಿ. ಐಫೋನಿನ ಆ್ಯಪಲ್ ಮ್ಯಾಪ್ಸ್‌ನಲ್ಲೂ 2023ರಿಂದ, ಅಂದರೆ ಐಓಎಸ್ 17ರಿಂದ, ಈ ಸೌಲಭ್ಯ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥವು ಮೊದಲಿನಿಂದಲೂ ಡೌನ್‌ಲೋಡ್ ಮಾಡಿಟ್ಟುಕೊಂಡು ನಡೆಯುವಂಥವೇ. ನಮ್ಮ ದೇಶದ ಮ್ಯಾಪಲ್ಸ್ ಕೂಡ ಒಂದು ಸಲ ನೋಡಬಹುದು. ಅದರ ಹಿಂದಿರುವ ಮ್ಯಾಪ್‌ಮೈಇಂಡಿಯಾ 1995ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ, ಇಲ್ಲಿನ ಎಷ್ಟೋ ಕಾರುಗಳ ಇನ್‌ಬಿಲ್ಟ್ ಮ್ಯಾಪ್ ಕೂಡ ಅವರದೇ.

ಆಮೇಲೆ ದಾರಿಯ ಆಯ್ಕೆಗಳನ್ನು ತೆರೆದು ನೋಡಿ. 'ಟೋಲ್ ಬೇಡ' ಅಂತ ಯಾವತ್ತೋ ಒಂದು ದಿನ ಒತ್ತಿ ಮರೆತಿದ್ದರೆ ಬೆಂಗಳೂರಿಗೆ ಹೊರಟವರನ್ನು ಅದು ಸರ್ವಿಸ್ ರಸ್ತೆಯಲ್ಲೇ, ಊರೂರಿನ ಒಳಗೇ ಕರೆದುಕೊಂಡು ಹೋಗುತ್ತದೆ. ನೀವು 'ಏನಪ್ಪಾ ಎಕ್ಸ್‌ಪ್ರೆಸ್‌ವೇ ಹತ್ತಿಸುತ್ತಲೇ ಇಲ್ಲ' ಅಂತ ಬೈಯುತ್ತಿರುತ್ತೀರಿ. ಗಾಡಿ ಯಾವುದು ಅನ್ನೋದನ್ನೂ ನೋಡಿ. ವಾರವೆಲ್ಲಾ ಸ್ಕೂಟರಿನಲ್ಲಿ ಓಡಾಡಿ ಭಾನುವಾರ ಕಾರು ತೆಗೆದಾಗ ಫೋನ್ ಇನ್ನೂ ಬೈಕ್ ಗುರುತಿನಲ್ಲೇ ಇದ್ದರೆ ಅಗ್ರಹಾರದ ಸಂದುಗಳಲ್ಲಿ ತೂರಿಸುತ್ತದೆ, ಕನ್ನಡಿ ಮಡಚಿಕೊಂಡು ಹೋಗಬೇಕಾಗುತ್ತದೆ. ತಿರುಗಾ ಮುರುಗಾ ಆದರೆ ಇನ್ನೂ ಕಷ್ಟ: 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬಿಡುವುದಿಲ್ಲ, ಕಾರಿನ ಗುರುತು ಇಟ್ಟುಕೊಂಡು ಸ್ಕೂಟರಿನಲ್ಲಿ ಹೊರಟರೆ ದಂಡ ಕಟ್ಟಿ ಬರಬೇಕು.

ದನಿಯನ್ನು ಕನ್ನಡಕ್ಕೆ ಹಾಕಿಕೊಳ್ಳಿ, ಗೂಗಲ್ ಮ್ಯಾಪ್ಸ್‌ನ ನ್ಯಾವಿಗೇಶನ್ ಸೆಟ್ಟಿಂಗಿನಲ್ಲಿ ಇದೆ. ಇಂಗ್ಲಿಷ್ ದನಿ ನಮ್ಮ ಊರಿನ ಹೆಸರುಗಳನ್ನು ಹೇಳುವ ರೀತಿಗೆ ಹೊಂಗಳ್ಳಿ ಯಾವುದು ಹಿನಕಲ್ ಯಾವುದು ಗೊತ್ತಾಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಪಕ್ಕದಲ್ಲಿ ಕೂತಿದ್ದರೆ ಕನ್ನಡ ದನಿಗೆ ಅವರೇ ಉತ್ತರವನ್ನೂ ಕೊಡುತ್ತಾರೆ, ಅದೊಂದು ತಮಾಷೆ.

ಫೋನ್ ಇಡುವ ಜಾಗ: ಮುಂದಿನ ಗಾಜಿಗೆ ಅಂಟಿಸುವ ಸ್ಟ್ಯಾಂಡ್ ನಮ್ಮ ಏಪ್ರಿಲ್ ಬಿಸಿಲಿಗೆ ಸರಿಹೋಗುವುದಿಲ್ಲ. ಫೋನ್ ಕಾದು ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ, ಕೊನೆಗೆ ತಣ್ಣಗಾಗುವವರೆಗೆ ಬಿಡು ಅಂತ ಎಚ್ಚರಿಕೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ಇದ್ದರೆ ಆ ಗೋಳೇ ಇಲ್ಲ. ಹಳೇ ಕಾರುಗಳ ಯುಎಸ್‌ಬಿ ಕಿಂಡಿಯಲ್ಲಿ ಕರೆಂಟ್ ಕಡಿಮೆ ಬರುತ್ತದೆ, ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಿರುತ್ತದೆ. ಸಿಗರೇಟ್ ಲೈಟರ್ ಜಾಗಕ್ಕೆ ಒಂದು ಒಳ್ಳೇ ಚಾರ್ಜರ್ ಹಾಕಿ. ಕೈಯಲ್ಲಿ ಫೋನ್ ಹಿಡಿದು ನೋಡುವುದಂತೂ ಬೇಡವೇ ಬೇಡ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಲ್ಲಿ ದಾರಿ ನೋಡಲು ಫೋನ್ ಬಳಸಬಹುದು ಅಂತಿದೆ ನಿಜ, ಆದರೆ ಓಡಿಸುವವರ ಗಮನ ಕೆಡಬಾರದು ಅನ್ನುವ ಷರತ್ತೂ ಅದರಲ್ಲೇ ಇದೆ.

ಗುರುತು ಸರಿ ಇದೆಯಾ, ಅದನ್ನು ನೋಡಿ

ನನ್ನ ಅನುಭವದಲ್ಲಿ ದಾರಿ ತಪ್ಪುವುದು ಕಡಿಮೆ, ಸೇರಬೇಕಾದ ಜಾಗವೇ ತಪ್ಪಿರುವುದು ಜಾಸ್ತಿ. ಫೋನಾಗಲಿ ಕಾರಾಗಲಿ ತಪ್ಪು ಗುರುತು ಕೊಟ್ಟರೆ ತಪ್ಪು ಊರಿಗೇ ಬಲು ನಿಷ್ಠೆಯಿಂದ ಕರೆದುಕೊಂಡು ಹೋಗುತ್ತವೆ.

ನಮ್ಮ ಭಾವ ಒಂದು ಸಲ ಹಳ್ಳಿಯ ಬೀಗರ ಊಟಕ್ಕೆ ಕರೆದು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ದರು. ಹೊರಟೆ. ಹೆಚ್ಚೆಂದರೆ ಇಪ್ಪತ್ತು ನಿಮಿಷ ಓಡಿಸಿರಬಹುದು, 'ನೀವು ತಲುಪಿದ್ದೀರಿ' ಅಂತು. ನೋಡಿದರೆ ಕುವೆಂಪುನಗರದಲ್ಲಿ ಅವರದೇ ಮನೆ ಗೇಟಿನ ಮುಂದೆ ನಿಂತಿದ್ದೇನೆ, ಬೀಗ ಹಾಕಿದೆ. ಅವರು ಹಿಂದಿನ ರಾತ್ರಿ ಮನೆಯಲ್ಲಿ ಕೂತು 'ಈಗಿರುವ ಜಾಗ' ಒತ್ತಿ ಕಳಿಸಿದ್ದರು. ಫೋನ್ ಮಾಡಿದರೆ "ಅಯ್ಯೋ, ಹಂಗಾಗುತ್ತಾ? ನೀವು ಹೊಸಹಳ್ಳಿ ಅಂತ ಹೊಡೀರಿ, ಬರುತ್ತೆ" ಅಂದರು.

ಹೊಡೆದೆ. ಬಂತು. ಒಂದಲ್ಲ, ಒಂದು ಡಜನ್ ಹೊಸಹಳ್ಳಿ ಬಂತು. ನಮ್ಮ ಎರಡು ಜಿಲ್ಲೆಯಲ್ಲಿ ಹೊಸಹಳ್ಳಿ, ಹೊಸೂರು, ಇನ್ನೇನೋ ಕೊಪ್ಪಲು ಇಲ್ಲದ ತಾಲ್ಲೂಕು ಯಾವುದಿದೆ ಹೇಳಿ. ಪಾಂಡವಪುರ ದಾಟಿ ಹೋಗಬೇಕು ಅಂತ ನೆನಪಿದ್ದದ್ದರಿಂದ ಆ ಕಡೆಯದೊಂದನ್ನು ಒತ್ತಿದೆ. ಅದು ದೊಡ್ಡ ರಸ್ತೆ ಬಿಡಿಸಿ, 4 ನಿಮಿಷ ಉಳಿಯುತ್ತದೆ ಅಂತ ಹೇಳಿ, ಒಂದು ಆಲೆಮನೆ ಪಕ್ಕದಿಂದ ನಾಲೆ ಏರಿ ಹತ್ತಿಸಿತು. ಯಾವ ಆ್ಯಪ್ ಅಂತ ಕೇಳಬೇಡಿ, ಎಲ್ಲವೂ ಒಂದೊಂದು ದಿನ ಹೀಗೇ ಮಾಡುತ್ತವೆ. ಎಡಕ್ಕೆ ತುಂಬಿ ಹರಿಯುವ ನಾಲೆ, ಬಲಕ್ಕೆ ಹತ್ತಡಿ ಕೆಳಗೆ ಗದ್ದೆ, ನಡುವೆ ಒಂದು ಕಾರಿನಷ್ಟು ಮಣ್ಣು. ಎದುರಿಗೆ ಕಬ್ಬಿನ ಟ್ರಾಕ್ಟರ್. ಅವನು ಹಿಂದೆ ಹೋಗುವ ಹಾಗಿಲ್ಲ, ನಾನೇ ಹೋಗಬೇಕು. ಹೆಂಡತಿ ಇಳಿದು ಕೈ ತೋರಿಸುತ್ತಾ ಹಿಂದೆ ಹಿಂದೆ ನಡೆದಳು, ನಾನು ಕತ್ತು ತಿರುಗಿಸಿಕೊಂಡು ಅರ್ಧ ಕಿಲೋಮೀಟರ್ ರಿವರ್ಸ್ ಬಂದೆ. ಆಲೆಮನೆ ಮುಂದೆ ಸಿಪ್ಪೆ ಹರವುತ್ತಿದ್ದ ಯಜಮಾನರು ಕೆಲಸ ನಿಲ್ಲಿಸಿ ಬಂದು "ಅದ್ಯಾಕ್ ಸಾಮಿ ಇತ್ಲಾಗ್ ಬಂದ್ರಿ? ಆ ಫೋನ್ ಬುಡಿ, ನಾನ್ ಹೇಳ್ತೀನಿ ಕೇಳಿ" ಅಂದು, ಹಾಲಿನ ಡೈರಿ ಹತ್ತಿರ ಬಲಕ್ಕೆ, ಅರಳಿಕಟ್ಟೆ ಹತ್ತಿರ ಎಡಕ್ಕೆ ಅಂತ ಎರಡೇ ಮಾತಿನಲ್ಲಿ ಹೇಳಿ ಕಳಿಸಿದರು. ಊಟಕ್ಕೆ ಕೊನೇ ಪಂಕ್ತಿ ಸಿಕ್ಕಿತು. ಮುದ್ದೆ ಮುಗಿದು ಅನ್ನ ಮಾತ್ರ ಇತ್ತು, ಆ ಬೇಜಾರು ಬೇರೆ.

ಅದಾದ ಮೇಲೆ ಕೆಲವು ಕಟ್ಟುಪಾಡು ಮಾಡಿಕೊಂಡೆ. ಲೊಕೇಶನ್ ಕಳಿಸುವವರಿಗೆ 'ಆ ಜಾಗದಲ್ಲಿ ನಿಂತು ಕಳಿಸಿ' ಅಂತ ಬಾಯಿಬಿಟ್ಟು ಹೇಳುವುದು. ಆಗದಿದ್ದರೆ ಮ್ಯಾಪ್ ತೆರೆದು ಆ ಕಟ್ಟಡದ ಮೇಲೆ ಬೆರಳನ್ನು ಒತ್ತಿ ಹಿಡಿದು ಬರುವ ಗುರುತನ್ನು ಕಳಿಸಿ ಅನ್ನುವುದು. ಬಂದ ಗುರುತನ್ನು ಉಪಗ್ರಹ ಚಿತ್ರದಲ್ಲಿ ದೊಡ್ಡದು ಮಾಡಿ, ಛತ್ರವೋ ದೇವಸ್ಥಾನವೋ ಕಾಣುತ್ತದೆಯಾ, ಅಥವಾ ಕೆರೆ ಮಧ್ಯೆ ಇದೆಯಾ ಅಂತ ನೋಡುವುದು. ಹಾಗೆ ಒತ್ತಿ ಹಿಡಿದಾಗ ಎರಡು ಸಂಖ್ಯೆ ಬರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಕಾರಿನ ಮ್ಯಾಪಿಗೆ ಹಳ್ಳಿ ಹೆಸರು ಗೊತ್ತಿಲ್ಲದಿದ್ದರೂ ಈ ಸಂಖ್ಯೆ ಕೊಟ್ಟರೆ ಹೋಗುತ್ತದೆ, ಬಹಳ ಗಾಡಿಗಳಲ್ಲಿ ಆ ಆಯ್ಕೆ ಇರುತ್ತದೆ. ಮೈಸೂರು ಅರಮನೆ ಹೆಚ್ಚು ಕಡಿಮೆ 12.305, 76.655ರಲ್ಲಿದೆ. ನಮ್ಮ ಕಡೆ ಎಲ್ಲಿಗೆ ಹೋದರೂ ಮೊದಲನೆಯದು ಹೆಚ್ಚಾಗಿ 12 ಚಿಲ್ಲರೆ, ಗುಂಡ್ಲುಪೇಟೆ ಕಡೆ ಹೋದರೆ 11 ಚಿಲ್ಲರೆ. ಎರಡನೆಯದು 76 ಚಿಲ್ಲರೆ, ಮಳವಳ್ಳಿ ಕಡೆ ಹೋದರೆ 77. ಬೇರೆ ಏನಾದರೂ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ತಿಳಿಯಿರಿ. ಚುಕ್ಕೆ ಆದಮೇಲೆ 4 ಅಂಕಿ ಇದ್ದರೆ ಸಾಕು, ಸುಮಾರು 11 ಮೀಟರ್ ಆಚೀಚೆ ಅಷ್ಟೇ.

ಕಾರಿನಲ್ಲಿ ಹೆಸರು ಹುಡುಕುವಾಗ ಇಂಗ್ಲಿಷ್ ಸ್ಪೆಲಿಂಗಿನ ತೊಂದರೆಯೂ ಇದೆ. ಮೈಸೂರು ಅನ್ನುವ ಕನ್ನಡ ಉಚ್ಚಾರಣೆ ಇಂಗ್ಲಿಷಿನಲ್ಲಿ ಅಧಿಕೃತ ಆದದ್ದು 2014ರ ನವೆಂಬರ್ 1ರಿಂದ. ಕೆಲವು ಗಾಡಿಗಳಿಗೆ ಇನ್ನೂ ಹಳೇ ಸ್ಪೆಲಿಂಗೇ ಬೇಕು. ಮೇಲುಕೋಟೆ ಸಿಗದಿದ್ದರೆ ಮೇಲ್ಕೋಟೆ ಅಂತ ಹೊಡೆದು ನೋಡಿ.

ದಾರಿಯಲ್ಲಿ

ಹೆದ್ದಾರಿಯ ಮುಖ್ಯ ರಸ್ತೆ, ಸರ್ವಿಸ್ ರಸ್ತೆ ಅಕ್ಕಪಕ್ಕದಲ್ಲೇ ಹೋಗುತ್ತವೆ. ಬಯಲಿನಲ್ಲಿ ಕೂಡ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಹಾಗಾಗಿ ನೀವು ಸರ್ವಿಸ್ ರಸ್ತೆಯಲ್ಲಿದ್ದರೂ ಮೇಲಿದ್ದೀರಿ ಅಂತ ಅದು ಅಂದುಕೊಂಡಿರಬಹುದು, ಇದರಲ್ಲಿ ಕಾರೂ ಅಷ್ಟೇ, ಫೋನೂ ಅಷ್ಟೇ. ಇಲ್ಲಿ ಪರದೆಗಿಂತ ಮೇಲೆ ತೂಗಿರುವ ಹಸಿರು ಬೋರ್ಡನ್ನು ನೋಡಿ. ಮದ್ದೂರಿನಲ್ಲಿ ವಡೆ ತಿನ್ನಬೇಕು, ಮಂಡ್ಯ ಊರೊಳಗೆ ಯಾರನ್ನೋ ಹತ್ತಿಸಿಕೊಳ್ಳಬೇಕು ಅಂತಿದ್ದರೆ ಬೈಪಾಸ್ ಶುರುವಾಗುವ ಮುಂಚೆಯೇ ಇಳಿಯಬೇಕು, ತಪ್ಪಿದರೆ ಊರು ದಾಟಿಯೇ ಇಳಿಯುವುದು. ಹೊರಡುವಾಗಲೇ ಆ ಜಾಗವನ್ನು ನಡುವಿನ ನಿಲ್ದಾಣವಾಗಿ ಸೇರಿಸಿಬಿಡಿ, ಆಗ ಅದೇ ಇಳಿಸುತ್ತದೆ. ಎಕ್ಸಿಟ್ ತಪ್ಪಿತು ಅಂತ ರಿವರ್ಸ್ ಮಾತ್ರ ತೆಗೆಯಬೇಡಿ.

ವೇಗದ ವಿಷಯ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರ ಮಿತಿ, ಕ್ಯಾಮೆರಾ ಇದೆ. ಕಾರಿನ ಮೀಟರ್ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಫೋನಿನ ಜಿಪಿಎಸ್ ವೇಗ ಎರಡು ಮೂರು ಕಿಲೋಮೀಟರ್ ಕಡಿಮೆ ಕಂಡರೆ ಗಾಬರಿ ಬೇಡ. ಮೀಟರನ್ನೇ ನೋಡಿಕೊಂಡು ಓಡಿಸಿದರೆ ಕ್ಷೇಮ.

ಹೆದ್ದಾರಿ ಬಿಟ್ಟು ಹಳ್ಳಿ ಕಡೆ ತಿರುಗಿದ ಮೇಲೆ, 'ಇಷ್ಟು ನಿಮಿಷ ಉಳಿಯುತ್ತದೆ' ಅನ್ನುವ ಮಾತನ್ನು ನಂಬಬೇಡಿ. ಎರಡು ದಾರಿ ತೋರಿಸಿದರೆ ಬಸ್ ಓಡಾಡುವ ದಾರಿಯನ್ನೇ ಹಿಡಿಯಿರಿ. ಮ್ಯಾಪ್‌ನಲ್ಲಿ ನೀಲಿ ಗೆರೆಯ ಪಕ್ಕದಲ್ಲೇ ಅಂಟಿಕೊಂಡು ನೀರಿನ ಗೆರೆ ಹೋಗುತ್ತಿದ್ದರೆ ಅದು ನಾಲೆ ಏರಿ, ಕತ್ತಲಾದ ಮೇಲೆ ಅದು ಬೇಡ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಅದಕ್ಕೂ ಮ್ಯಾಪಿಗೂ ಸಂಬಂಧ ಇಲ್ಲ, ಆದರೆ ನಾಲೆ ಪಕ್ಕದ ರಸ್ತೆ ಅಂದರೆ ಏನು ಅಂತ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಮ್ಯಾಪ್ ನಂಬಿ ಹೋದದ್ದು 2024ರ ನವೆಂಬರಿನಲ್ಲಿ, ಉತ್ತರ ಪ್ರದೇಶದ ಬರೇಲಿ ಹತ್ತಿರ. ಪ್ರವಾಹಕ್ಕೆ ಮುಂದಿನ ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲಿಂದ ಕಾರು ಬಿದ್ದು ಮೂವರು ಸತ್ತರು. ಮುಂದಿನ ರಸ್ತೆ ಕಣ್ಣಿಗೆ ಕಾಣದಿದ್ದರೆ ನಿಲ್ಲಿಸಿ, ಇಳಿದು ನೋಡಿ. ಮ್ಯಾಪಿನಲ್ಲಿ ಗೆರೆ ಇದೆ ಅನ್ನೋದು ರಸ್ತೆ ಇದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಊಟಿಗೆ, ವಯನಾಡಿಗೆ ಹೊರಟವರಿಗೆ ಬೇರೆ ಎಚ್ಚರಿಕೆ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅಪ್‌ಡೇಟ್ ಆಗದ ಕಾರಿನ ಮ್ಯಾಪಿಗೆ ಗೇಟಿನ ವಿಷಯ ಗೊತ್ತಿರುತ್ತದೆ ಅಂತ ನಂಬಿ ಕೂರಬೇಡಿ. ಮೈಸೂರಿನಿಂದ ಗುಂಡ್ಲುಪೇಟೆಗೇ ಸುಮಾರು 60 ಕಿಲೋಮೀಟರ್, ನಂಜನಗೂಡಿನಲ್ಲಿ ಕಾಫಿ ಕುಡಿಯುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ. ಕಾಡಿನೊಳಗೆ ಸಿಗ್ನಲ್ ಹೋಗುತ್ತದೆ, ಅಲ್ಲಿ ಕಾರಿನ ಮ್ಯಾಪೋ ಡೌನ್‌ಲೋಡ್ ಮಾಡಿಟ್ಟ ಮ್ಯಾಪೋ ಬೇಕೇ ಬೇಕು. ಗಾಡಿ ನಿಲ್ಲಿಸಿ ಫೋನ್ ತಡಕಾಡುವ ಜಾಗವಲ್ಲ ಅದು.

ದಸರಾ ಸಮಯದಲ್ಲಿ ಊರೊಳಗೆ ಎರಡೂ ಸೋಲುತ್ತವೆ. ಅರಮನೆ ಸುತ್ತ ಒನ್ ವೇ ಮಾಡಿರುತ್ತಾರೆ, ಜಂಬೂ ಸವಾರಿ ದಿನ ರಸ್ತೆಯೇ ಮುಚ್ಚಿರುತ್ತಾರೆ, ಪರದೆ ಮಾತ್ರ ನೇರ ಹೋಗಿ ಅನ್ನುತ್ತಿರುತ್ತದೆ. ಪೊಲೀಸರು ಪೇಪರಿಗೆ ಕೊಡುವ ನಕ್ಷೆಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ದೂರದಲ್ಲೆಲ್ಲಾದರೂ ನಿಲ್ಲಿಸಿ ನಡೆಯುವುದೇ ವಾಸಿ. ನಿಲ್ಲಿಸಿದ ಜಾಗವನ್ನು ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳುವುದನ್ನು ಮರೆಯಬೇಡಿ, ಲೈಟಿಂಗ್ ನೋಡಿ ವಾಪಸ್ ಬರುವಾಗ ಎಲ್ಲಾ ಬೀದಿಯೂ ಒಂದೇ ಥರ ಕಾಣುತ್ತದೆ.

ದುಡ್ಡು ಕೊಟ್ಟು ಹಾಕಿಸಬೇಕಾ?

ಬರೀ ನ್ಯಾವಿಗೇಶನ್‌ಗೋಸ್ಕರ ಮೇಲಿನ ಮಾಡೆಲ್ ತಗೋಬೇಡಿ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇದ್ದರೆ ಸಾಕು. ಕರೆಂಟ್ ಗಾಡಿ ತಗೊಳ್ಳುವವರು ಮಾತ್ರ ಬೇರೆ ಯೋಚಿಸಬೇಕು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಎಲ್ಲಿ ಚಾರ್ಜ್ ಮಾಡಬೇಕು ಅನ್ನುವುದನ್ನು ಗಾಡಿಯ ಸ್ವಂತ ಮ್ಯಾಪ್ ಲೆಕ್ಕ ಹಾಕಿ ಹೇಳುವಷ್ಟು ಚೆನ್ನಾಗಿ ಫೋನಿಗೆ ಬರುವುದಿಲ್ಲ, ಬ್ಯಾಟರಿಯ ಸ್ಥಿತಿ ಅದಕ್ಕೆ ಕಾಣಿಸಬೇಕಲ್ಲ. ಈಗಾಗಲೇ ಇನ್‌ಬಿಲ್ಟ್ ಇರುವವರು ವರ್ಷಕ್ಕೊಂದು ಸಲ ಅಪ್‌ಡೇಟ್ ಮಾಡಿ, ಆಫ್‌ಲೈನ್ ಸಾಥಿಯಾಗಿ ಇಟ್ಟುಕೊಳ್ಳಿ. ನಾನು ಹೆದ್ದಾರಿಗೆ, ಊರೊಳಗಿನ ಓಡಾಟಕ್ಕೆ ಫೋನ್ ಹಾಕುತ್ತೇನೆ, ಕಾಡು ಬಂದರೆ ಕಾರಿನದು. ಎರಡೂ ದನಿ ಒಟ್ಟಿಗೆ ಇಟ್ಟರೆ ಒಂದು ಎಡ ಅನ್ನುತ್ತದೆ, ಇನ್ನೊಂದು ಬಲ ಅನ್ನುತ್ತದೆ, ಅಮ್ಮ ನೇರ ಹೋಗು ಅನ್ನುತ್ತಾರೆ. ಒಂದರ ಬಾಯಿ ಮುಚ್ಚಿಸಿ.

ಇನ್ನೊಂದು ಮಾತು, ಗಾಡಿ ಮಾರುವವರಿಗೆ. ಕಾರಿನ ಮ್ಯಾಪ್‌ನಲ್ಲಿ 'ಮನೆ' ಅಂತ ನಿಮ್ಮ ವಿಳಾಸ ಇರುತ್ತದೆ, ಬ್ಲೂಟೂತ್‌ನಲ್ಲಿ ನಿಮ್ಮ ಫೋನಿನ ನಂಬರುಗಳೆಲ್ಲ ಕೂತಿರುತ್ತವೆ, ಹಿಂದೆ ಹೋದ ಜಾಗಗಳ ಪಟ್ಟಿ ಬೇರೆ. ಕೀ ಕೊಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಒತ್ತಿ. ನಾನು ನನ್ನ ಹಳೇ ಗಾಡಿಯಲ್ಲಿ ಒತ್ತಿರಲಿಲ್ಲ. ತಗೊಂಡವರು ಆರು ತಿಂಗಳಾದ ಮೇಲೆ ಫೋನ್ ಮಾಡಿ "ಸರ್, ಮನೆ ಅಂತ ಒತ್ತಿದರೆ ನಿಮ್ಮನೆಗೇ ಬರ್ತಾ ಇದೆ, ಹೆಂಗೆ ಬದಲಾಯಿಸೋದು?" ಅಂತ ಕೇಳಿದರು.